ಬೆಳಕು ನೋಡಲು ಕೂತವರು

ಕಳೆದ ತಿಂಗಳು ಮಂಡ್ಯದಲ್ಲಿ ಫೋಟೋ ಸ್ಟುಡಿಯೋದವರೆಲ್ಲ ಸೇರಿ ಒಂದು ಸಂತಾಪ ಸಭೆ ಮಾಡಿದರು. ತೀರಿಕೊಂಡವರು ಮದ್ದೂರಿನ ನನ್ನ ಸ್ಟುಡಿಯೋದಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದ ಹೆಂಗಸು. ಮನೆಮನೆಗೆ ಹೋಗಿ ಎಳೆಮಕ್ಕಳ ಫೋಟೋ ತೆಗೆಯುವುದು ಅವರ ಕೆಲಸ. ನಾವೆಲ್ಲ ಅಕ್ಕ ಎನ್ನುತ್ತಿದ್ದೆವು. ವೇದಿಕೆಯ ಮೇಲೆ ಮೊದಲು ಮಾತಾಡಿದವರು ಅವರನ್ನು ಸಹನಾಮಯಿ ಎಂದರು. ಎರಡನೆಯವರು ಸದಾ ಹಸನ್ಮುಖಿ ಎಂದರು. ಮೂರನೆಯವರು ಅಕ್ಕನನ್ನು ಒಂದೇ ಒಂದು ಸಲ, ಅದೂ ನನ್ನ ಅಂಗಡಿಯಲ್ಲಿ ಬೆನ್ನ ಕಡೆಯಿಂದ ನೋಡಿದ್ದವರು. "ಒಂದು ದಿನ ಗಟ್ಟಿಯಾಗಿ ಮಾತಾಡಿದ ತಾಯಿಯಲ್ಲ" ಎಂದು ಕಣ್ಣೊರೆಸಿಕೊಂಡರು.

ನನಗೆ ಮೈಯೆಲ್ಲ ಉರಿದುಹೋಯಿತು. ಸತ್ತ ಹೆಂಗಸರನ್ನೆಲ್ಲ ಹಿಡಿದು ಸಹನಾಮಯಿ ಮಾಡಿಬಿಡುವುದು ನಮ್ಮ ಜನಕ್ಕೆ ಅಂಟಿರುವ ಚಟ. ಅಕ್ಕ ನಾನು ಕಂಡವರಲ್ಲೆಲ್ಲ ಮಹಾ ಕೋಪಿಷ್ಠೆ. ಆ ಕೋಪವನ್ನು ಕಿತ್ತುಕೊಂಡುಬಿಟ್ಟರೆ ಅವರಲ್ಲಿ ಉಳಿಯುವುದು ಒಂದು ಹಳೇ ಕ್ಯಾಮೆರಾ ಬ್ಯಾಗು, ಎರಡು ಕೆಟ್ಟ ಮಂಡಿ, ಅಷ್ಟೆ. ಎದ್ದು ನಿಂತು ಅದನ್ನು ಹೇಳಬೇಕಿತ್ತು. ಆದರೆ ಮೈಕು ಕಿರುಚಿಬಿಟ್ಟರೆ, ನಾಲಿಗೆ ತಡವರಿಸಿದರೆ, ಎದ್ದ ರಭಸಕ್ಕೆ ಪ್ಲಾಸ್ಟಿಕ್ ಕುರ್ಚಿ ಹಿಂದಿನವರ ಕಾಲ ಮೇಲೆ ಬಿದ್ದರೆ ಎಂದು ನಾನು ಒಂದೊಂದೇ ಯೋಚಿಸುವಷ್ಟರಲ್ಲಿ ವಂದನಾರ್ಪಣೆ ಮುಗಿದು ಬೋಂಡ ಬಂತು. ತಿಂದೆ. ಎರಡು ತಿಂದೆ. ಹಾರ ಹಾಕಿದ್ದ ಚಿತ್ರವೂ ಆಧಾರ್ ಕಾರ್ಡಿನದೇ ದೊಡ್ಡದು ಮಾಡಿಸಿದ್ದು, ಯಾಕೆಂದರೆ ಹನ್ನೊಂದು ವರ್ಷ ಎದುರಿಗಿದ್ದವರ ಒಂದು ಫೋಟೋವೂ ನನ್ನ ಹತ್ತಿರ ಇರಲಿಲ್ಲ. ಆ ಉರಿಯೂ ಸೇರಿಕೊಂಡು ಈಗ ಬರೆಯುತ್ತಿದ್ದೇನೆ. ಕಾಗದಕ್ಕೆ ಮೈಕು ಬೇಕಿಲ್ಲ.

ಅವರು ನನ್ನ ಅಂಗಡಿಗೆ ಬಂದದ್ದೇ ಜಗಳಕ್ಕೆ. ಆಗ ಶಿವಪುರದ ಹತ್ತಿರ ಒಂದು ಅಂಗನವಾಡಿಯಲ್ಲಿ ಸಹಾಯಕಿ. ಯಾವುದೋ ಅರ್ಜಿಗೆ ಪಾಸ್‌ಪೋರ್ಟ್ ಫೋಟೋ ತೆಗೆಸಿಕೊಂಡು ಹೋಗಿದ್ದವರು ಮಾರನೆಯ ದಿನ ವಾಪಸು ಬಂದು ಆ ಲಕೋಟೆಯನ್ನು ನನ್ನ ಮೇಜಿನ ಮೇಲೆ ಎಸೆದರು.

"ನನ್ ಮಚ್ಚೆ ಎಲ್ ಮಡುಗಿದ್ದೀರಿ? ಕೊಡಿ."

ನನಗೆ ಅರ್ಥವಾಗಲಿಲ್ಲ. ಬಂದವರ ಮುಖವನ್ನೆಲ್ಲ ಕಂಪ್ಯೂಟರಿನಲ್ಲಿ ಉಜ್ಜಿ ನುಣ್ಣಗೆ ಮಾಡಿ ಕೊಡುವುದು ನನ್ನ ರೂಢಿ. ಯಾರೂ ಬೇಡ ಅಂದವರಿಲ್ಲ. ಅವರ ಗಲ್ಲದ ಮೇಲೆ ಮೆಣಸಿನ ಕಾಳಿನಷ್ಟು ಒಂದು ಮಚ್ಚೆ ಇತ್ತು. ಫೋಟೋದಲ್ಲಿ ಇರಲಿಲ್ಲ.

"ಚೆನ್ನಾಗಿ ಕಾಣಲಿ ಅಂತ ತೆಗೆದೆ ಅಮ್ಮಾ..."

"ನಿಮ್ಮನ್ ಯಾರ್ ಕೇಳಿದ್ರು? ನಲವತ್ತೊರ್ಸದಿಂದ ಒತ್ಕೊಂಡ್ ತಿರುಗ್ತಾ ಇವ್ನಿ ಅದ. ನಾಳಿಕ್ಕೆ ಇದ್ಯಾರ್ ಮಕ ಅಂತ ಆಪೀಸಲ್ಲಿ ಕೇಳುದ್ರೆ ನೀವ್ ಬತ್ತೀರಾ?"

ಅದೇ ಹೊತ್ತಿಗೆ ಒಳಗೆ ಒಂದು ಕೂಸು ಕಿರುಚುತ್ತಿತ್ತು. ಅದರ ಅಪ್ಪ, ಅಮ್ಮ, ನನ್ನ ಹುಡುಗ ಮೂರೂ ಜನ ಗಿಲಕಿ ಅಲ್ಲಾಡಿಸಿ, ನಾಯಿಯ ಹಾಗೆ ಬೊಗಳಿ, ಬೆಕ್ಕಿನ ಹಾಗೆ ಕೂಗಿ ಸೋತಿದ್ದರು. ಅಕ್ಕ ನನ್ನ ಜೊತೆಗಿನ ಜಗಳವನ್ನು ಅರ್ಧಕ್ಕೆ ಬಿಟ್ಟು ಪರದೆ ಸರಿಸಿ ಒಳಗೆ ಹೋದರು. ಮಗುವಿನ ಎದುರು ನೆಲಕ್ಕೆ ಕೂತು, ಓರಗೆಯವಳ ಹತ್ತಿರ ಹೇಳಿಕೊಳ್ಳುವಂತೆ ಶುರುಮಾಡಿದರು: "ನೀನೇ ಯೋಳವ್ವ, ಬಸ್ಸಲ್ಲಿ ನಿಂತ್ಕೊಂಡ್ ಬಂದಿವ್ನಿ, ಸೀಟ್ ಕೊಟ್ನಾ ಮೂದೇವಿ? ಕೊಡ್ನಿಲ್ಲ. ಇಲ್ ಬಂದ್ರೆ ಇವಯ್ಯ ನನ್ ಮಕಾನೇ ಅಳ್ಸವ್ನೆ." ಕೂಸು ಬಾಯಿ ತೆರೆದದ್ದು ತೆರೆದ ಹಾಗೇ ಸುಮ್ಮನಾಗಿ ಅವರನ್ನೇ ನೋಡಿತು. ಅಂಥ ಕಣ್ಣು ನನ್ನ ಸ್ಟುಡಿಯೋದಲ್ಲಿ ಅದಕ್ಕೆ ಮುಂಚೆ ಯಾವ ಮಗುವೂ ಬಿಟ್ಟಿರಲಿಲ್ಲ. ಕ್ಲಿಕ್ ಮಾಡಿದೆ. ಮಚ್ಚೆಯನ್ನೂ ವಾಪಸು ಕೊಟ್ಟೆ, ಆ ಫೋಟೋದ ಪ್ರತಿ ಇಟ್ಟುಕೊಳ್ಳಲಿಲ್ಲ. ಮುಂದಿನ ತಿಂಗಳು ಅವರು ನನ್ನ ಅಂಗಡಿಗೆ ಸೇರಿದರು.

ಅವರ ವಿದ್ಯೆಯೆಲ್ಲ ಅದೇ. ಮಕ್ಕಳನ್ನು ಮುದ್ದು ಮಾಡುತ್ತಿರಲಿಲ್ಲ, ತೊದಲುತ್ತಿರಲಿಲ್ಲ. ಗ್ಯಾಸ್ ಸಿಲಿಂಡರ್ ಬರಲಿಲ್ಲ, ಕರೆಂಟು ಹೋಯಿತು, ಓನರ್ ಪುಕ್ಕಲ ಎಂದು ಆರು ತಿಂಗಳ ಕೂಸಿಗೆ ದೂರು ಹೇಳುತ್ತ ಕೂತರೆ ಅದು ನ್ಯಾಯ ಹೇಳುವ ಪಟೇಲನಂತೆ ಗಂಭೀರವಾಗಿ ಕೇಳಿಸಿಕೊಳ್ಳುತ್ತಿತ್ತು. ದೊಡ್ಡವರ ಜೊತೆ ಮಾತ್ರ ಬೆಂಕಿ. ಮೊಬೈಲಿನಲ್ಲಿ ಯಾವುದೋ ದೇಶದ ಚಿತ್ರ ತೋರಿಸಿ, ಮಂಡ್ಯದ ಬೇಸಿಗೆಯಲ್ಲಿ ಮಗುವಿಗೆ ಉಣ್ಣೆ ಟೋಪಿ ಹಾಕಿ ಬುಟ್ಟಿಯಲ್ಲಿ ಮಲಗಿಸಿ ಎಂದವರಿಗೆ, "ಯಾಕೆ, ಸಂತೆಗ್ ಓಯ್ತೀರಾ ಕೂಸ?" ಎಂದಿದ್ದರು. ಫೋನು ನನಗೆ ಬರುತ್ತಿತ್ತು. ನಾನು ಕ್ಷಮೆ ಕೇಳುತ್ತಿದ್ದೆ. ಹನ್ನೊಂದು ವರ್ಷ ಆಕೆ ಬೈದುಕೊಂಡು ಬಂದದ್ದನ್ನೆಲ್ಲ ನಾನು ಒರೆಸುತ್ತ ಕೂತಿದ್ದೆ. ಆಮೇಲೆ ಗಿರಾಕಿ ಕೈಬಿಟ್ಟುಹೋದರೆ ಏನು ಗತಿ ಎಂದು ಒಂದು ಮಾತ್ರೆ ನುಂಗುತ್ತಿದ್ದೆ.

"ನೀವ್ ಎದ್ರಿಕೊಂಡೇ ಮುದುಕ್ರಾಗ್ತೀರಿ ಓನರ್ರೇ" ಎನ್ನುತ್ತಿದ್ದರು. ಆದೆ.

ಇನ್ನು ಮುಖ್ಯ ವಿಷಯ. ಎಳೆಗೂಸು ಹಾಲು ಕುಡಿದದ್ದಕ್ಕೂ ನಿದ್ದೆ ಹೋಗುವುದಕ್ಕೂ ನಡುವೆ ಕಾಲು ಗಂಟೆ ನೆಟ್ಟಗಿರುತ್ತದೆ. ಫೋಟೋ ತೆಗೆಯುವುದು ಆ ಕಾಲು ಗಂಟೆಯಲ್ಲೇ. ಆಗ ದೀಪ ಅತ್ತ ಇತ್ತ ಎಳೆಯುತ್ತ, ಕಿಟಕಿಗೆ ಪಂಚೆ ಕಟ್ಟುತ್ತ ಕೂರಲಾಗುವುದಿಲ್ಲ. ಮೊದಲೇ ಎಲ್ಲ ಹೊಂದಿಸಿಕೊಂಡಿರಬೇಕು. ಅದಕ್ಕೆ ಮಗು ಕೂರುವ ಜಾಗದಲ್ಲಿ ಮಗುವಿನೆತ್ತರದ್ದು ಏನಾದರೂ ಇಟ್ಟು ಬೆಳಕು ನೋಡಬೇಕು. ನಾನು ಬಿಂದಿಗೆ ಇಡುತ್ತಿದ್ದೆ.

ಒಂದು ಸಲ ಮಂಡ್ಯದ ಹೊಸ ಬಡಾವಣೆಯ ಒಂದು ಮನೆ. ಮೊಮ್ಮಗನ ಮೊದಲ ವರ್ಷದ ಫೋಟೋ. ಗಂಡ ಹೆಂಡತಿ ಇಬ್ಬರೂ ಓದಿದವರು, ಇಬ್ಬರೂ ಸಂಬಳದವರು. ದೀಪದ ಕಂಬ ಹಿಡಿದು ನಾನೂ ಹೋಗಿದ್ದೆ. ನಡುಮನೆಯ ಬಾಗಿಲಲ್ಲಿ ಇಬ್ಬರು ಹೆಣ್ಣುಮಕ್ಕಳು, ಆರೋ ಏಳೋ ವರ್ಷದವಳು ಮತ್ತು ನಾಲ್ಕರವಳು, ತಲೆ ಬಾಚಿ, ಪೌಡರು ಬಳಿದುಕೊಂಡು, ತಾವಾಗಿಯೇ ತಯಾರಾಗಿ ನಿಂತಿದ್ದರು. ಅಜ್ಜಿ ಅವರನ್ನು ಕೈಯಲ್ಲೇ ಅತ್ತ ಸರಿಸಿತು. "ಆಚೆ ಆಡ್ಕೋ ಓಗ್ರೇ, ತಮ್ಮನ್ ಪೋಟೋ ತಗೀಬೇಕು." ಅಮ್ಮನೆಂಬಾಕೆ ನಮ್ಮ ಕಡೆ ತಿರುಗಿ, "ನಮಗೆ ಹೆಣ್ಣು ಗಂಡು ಭೇದ ಏನಿಲ್ಲ, ಇವತ್ತು ಅವನದು ವಿಶೇಷ ಅಂತ ಅಷ್ಟೆ" ಎಂದರು.

ಅಕ್ಕ ಈಗ ಸಿಡಿಯುತ್ತಾರೆ ಎಂದು ನಾನು ಕಣ್ಣು ಮುಚ್ಚಿಕೊಂಡೆ. ಸಿಡಿಯಲಿಲ್ಲ. ಬಿಂದಿಗೆಯನ್ನು ಎತ್ತಿ ಪಕ್ಕಕ್ಕಿಟ್ಟರು.

"ಅಜ್ಜಮ್ಮ, ಬೆಳಕು ನೋಡಕ್ಕೆ ಒಂದೆಲ್ಡ್ ಕೂಸು ಬೇಕು. ಬಿಂದ್ಗೆ ಒಳೀತದೆ, ಮೊಮ್ಮಗನ್ ಮಕ ಕಪ್ಪಾಗ್ ಬಂದ್ರೆ ನಮ್ಮನ್ ಅನ್ಬೇಡಿ. ಇವ್ರೇ ಒಸಿ ಕೂತ್ಕಳ್ಳಿ."

"ಅದ್ಕೇನ್ ಬ್ಯಾರೆ ದುಡ್ಡಾ?"

"ಏನಿಲ್ಲ."

"ಅಂಗಾರೆ ಕೂರುಸ್ಕಳಿ."

ಇಪ್ಪತ್ತು ನಿಮಿಷ ಆ ಇಬ್ಬರು ಹುಡುಗಿಯರ ಮೇಲೆ ಅಕ್ಕ ಕ್ಲಿಕ್ ಮಾಡುತ್ತ ಬೆಳಕು ನೋಡಿದರು. ನಾನು ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಬೆಳಕು ನೋಡಿಲ್ಲ. ಆಮೇಲೆ ಗಂಡುಮಗುವಿನದೂ ತೆಗೆದರು, ಅದಕ್ಕೇನೂ ಮೋಸ ಮಾಡಲಿಲ್ಲ. ಸಿಡಿದದ್ದು ವಾಪಸು ಬರುವಾಗ, ಸ್ಕೂಟರಿನ ಹಿಂದೆ ಕೂತು, ಮಂಡ್ಯದಿಂದ ಮದ್ದೂರಿನವರೆಗೂ, ನನ್ನ ಕಿವಿಗೆ. ನಾನೇ ಆ ಅಜ್ಜಿ ಎಂಬಂತೆ ಬೈದರು. ಮದ್ದೂರು ಸೇರುವ ಹೊತ್ತಿಗೆ ದನಿ ಇಳಿದಿತ್ತು. "ನನ್ ಮೊದಲ್ನೇ ಪೋಟೋ ಎಸ್ಸೆಲ್ಸಿ ಆಲ್ ಟಿಕೆಟ್‌ದು ಓನರ್ರೇ. ಅದ್ರಲ್ಲೂ ಅರ್ದ ಮಕದ್ ಮೇಲೆ ಸೀಲು" ಎಂದರು. ಅವರು ನಾಲ್ಕನೆಯ ಹೆಣ್ಣಂತೆ. ಐದನೆಯವನ ಫೋಟೋ ಮನೆ ತುಂಬ ಇತ್ತಂತೆ. ತಮ್ಮ ಬಗ್ಗೆ ಅವರು ನನ್ನ ಹತ್ತಿರ ಹೇಳಿಕೊಂಡದ್ದು ಅಷ್ಟೇ, ನಾನೂ ಕೇಳಲಿಲ್ಲ.

ಅಲ್ಲಿಂದ ಮುಂದೆ ಇದೇ ಪದ್ಧತಿಯಾಯಿತು. ಗಂಡುಮಗುವಿನ ಫೋಟೋಕ್ಕೆ ಕರೆದ ಮನೆಯಲ್ಲಿ ಅಕ್ಕತಂಗಿಯರಿದ್ದರೆ ಮೊದಲು ಅವರ ಮೇಲೆ ಬೆಳಕು. ಮಂಡ್ಯವಾಗಲಿ, ಮಳವಳ್ಳಿಯಾಗಲಿ, ಒಂದು ಮನೆಯವರೂ ಬೇಡ ಅನ್ನಲಿಲ್ಲ. ಫೋಟೋ ತೆಗೆಯಿರಿ ಎಂದಿದ್ದರೆ ದೃಷ್ಟಿಯಾಗುತ್ತದೆ, ಇನ್ನೊಂದು ಸಲ ನೋಡೋಣ, ಬಟ್ಟೆ ಸರಿಯಿಲ್ಲ, ನೂರು ಬರುತ್ತಿತ್ತು. ಬಿಂದಿಗೆಯ ಬದಲು ಕೂರಿಸುತ್ತೇವೆ ಎಂದರೆ ಯಾರದೂ ಅಭ್ಯಂತರವಿಲ್ಲ. ಈ ಮಾತನ್ನು ಬರೆಯುವಾಗ ಈಗಲೂ ನನ್ನ ಕೈ ಬಿಸಿಯಾಗುತ್ತದೆ.

ಆ ಚಿತ್ರಗಳನ್ನು ಅಕ್ಕ ಕಂಪ್ಯೂಟರಿನಲ್ಲಿ 'ಲೈಟು' ಎಂಬ ಹೆಸರಿನ ಫೋಲ್ಡರಿನಲ್ಲಿ ಬೇರೆ ಇಡುತ್ತಿದ್ದರು. ಆಷಾಢದಲ್ಲಿ ಮದುವೆ ಮುಂಜಿ ಇಲ್ಲದೆ ಪ್ರಿಂಟರು ಖಾಲಿ ಇರುವಾಗ ಅವನ್ನೆಲ್ಲ ಒಂದೊಂದು ಪ್ರಿಂಟ್ ಹಾಕಿ, ಬಸ್ಸಿನಲ್ಲಿ ಹೋಗಿ, ಹುಡುಗಿಯ ಕೈಗೇ ಕೊಟ್ಟು ಬರುತ್ತಿದ್ದರು. ಮನೆಯವರ ಕೈಗೆ ಕೊಟ್ಟರೆ ಗೂಡು ಸೇರುತ್ತದೆ ಎಂದು.

ಒಂದು ವರ್ಷ ಮಾಘದಲ್ಲಿ ಪೂರಿಗಾಲಿ ಕಡೆಯ ಒಂದು ಮನೆಗೆ ಹೋಗಿದ್ದೆವು. ಮೊಮ್ಮಗನಿಗೆ ಮುಡಿ ತೆಗೆಸುವ ಮುಂಚೆ ಕೂದಲಿರುವ ಫೋಟೋ ಬೇಕಿತ್ತು. ಅವನ ಅಕ್ಕ, ಆರು ವರ್ಷದವಳು, ಚಾಪೆಯ ಮೇಲೆ ಕೂತಳು. ಆ ಮನೆಗೆ ಒಂದೇ ಕಿಟಕಿ, ಅದೂ ಪಡುವಲಕ್ಕೆ. ಅರ್ಧ ಗಂಟೆ ಹಿಡಿಯಿತು. ಹುಡುಗಿ ಅಲ್ಲಾಡಲಿಲ್ಲ. ಮೂಗಿನ ಮೇಲೆ ನೊಣ ಕೂತರೂ ಕಣ್ಣು ಮಾತ್ರ ಕೆಳಗಿಳಿಸಿ ಅದನ್ನು ನೋಡಿದಳು, ಕೈ ಎತ್ತಲಿಲ್ಲ. ಮುಗಿದ ಮೇಲೆ ಅಕ್ಕನ ಸೆರಗು ಹಿಡಿದು ಮೆಲ್ಲಗೆ ಕೇಳಿದಳು.

"ಅತ್ತೆ, ನಂದೂ ಬತ್ತದಾ?"

"ಬತ್ತದೆ ಕಣವ್ವ. ಆಸಾಡ್ದಲ್ಲಿ ನಾನೇ ತತ್ತೀನಿ. ನಿನ್ ಕೈಗೇ."

ವೈಶಾಖ ಬಂತು. ಮದುವೆಯ ಮೇಲೆ ಮದುವೆ. ಒಂದು ಮಧ್ಯಾಹ್ನ ಕಂಪ್ಯೂಟರು ಜಾಗವಿಲ್ಲ ಎಂದು ಕೆಂಪು ಪಟ್ಟಿ ತೋರಿಸಿತು. ಬೇರೆಯವರಾದರೆ ಹೊಸ ಡಿಸ್ಕು ತರುತ್ತಿದ್ದರು. ನಾನು ಗಾಬರಿಯಾದೆ. ಮದುವೆಯ ಫೋಟೋ ಕಳೆದುಹೋದರೆ ಎರಡು ಕಡೆಯ ಬೀಗರೂ ಟೆಂಪೋ ಮಾಡಿಕೊಂಡು ಬಂದು ಹೊಡೆಯುತ್ತಾರೆ ಎಂಬುದು ನನ್ನ ಇಪ್ಪತ್ತು ವರ್ಷದ ಭಯ. ಏನಾದರೂ ಅಳಿಸಬೇಕು. ಯಾವುದು? ಒಂದೊಂದು ಫೋಲ್ಡರಿನ ಎದುರೂ ನಿಂತು ನಾನು ಕೇಳಿಕೊಂಡ ಪ್ರಶ್ನೆ ಒಂದೇ: ಇದು ಹೋದರೆ ಯಾರು ಬಂದು ಜಗಳ ಆಡುತ್ತಾರೆ? ಮದುವೆಯವರು ಆಡುತ್ತಾರೆ. ಗಂಡುಮಕ್ಕಳ ಮನೆಯವರು ಆಡುತ್ತಾರೆ. 'ಲೈಟು' ಎಂಬುದರ ಎದುರು ಬಂದಾಗ ಯಾರ ಮುಖವೂ ನೆನಪಾಗಲಿಲ್ಲ.

ಅಳಿಸಿದೆ. ಕಸದ ಬುಟ್ಟಿಯನ್ನೂ ಖಾಲಿ ಮಾಡಿದೆ, ನಾನು ಅಚ್ಚುಕಟ್ಟಿನ ಮನುಷ್ಯ.

ಅದರಲ್ಲಿ ಏನಿತ್ತೆಂದು ನನಗೆ ಗೊತ್ತಿರಲಿಲ್ಲವೆಂದು ಹೇಳಬಹುದಿತ್ತು. ಗೊತ್ತಿತ್ತು. ಆ ಮಧ್ಯಾಹ್ನವೇ, ಹೊಸ ಮದುವೆಯ ಫೋಟೋ ತುಂಬಿಸಿ ಮುಗಿದ ಮೇಲೆ, ಡಿಸ್ಕು ಬಿಚ್ಚಿಕೊಂಡು ಮೈಸೂರಿಗೆ ಓಡಿದೆ. ಅಲ್ಲಿ ರಿಪೇರಿಯವನು ಪರೀಕ್ಷೆ ಮಾಡಿ, "ಅದರ ಮೇಲೆ ಆಗಲೇ ಮದುವೆ ಕೂತುಬಿಟ್ಟಿದೆ ಸಾರ್" ಎಂದ. ಬಂದು ಅಕ್ಕನಿಗೆ ಹೇಳಬೇಕಿತ್ತು. ಹೇಳಲಿಲ್ಲ. ಇವತ್ತು ಹೇಳೋಣ, ಶನಿವಾರ ಹೇಳೋಣ, ಏರಿದ್ದ ಅವರ ರಕ್ತದ ಸಕ್ಕರೆ ಇಳಿದ ಮೇಲೆ ಹೇಳೋಣ ಎಂದು ಆಷಾಢದವರೆಗೂ ತಳ್ಳಿದೆ. ಆಷಾಢದ ಮೊದಲ ದಿನ ಬೆಳಿಗ್ಗೆ ಅವರು ಕಂಪ್ಯೂಟರಿನ ಮುಂದೆ ಕೂತು ಹುಡುಕಿದರು. ಇನ್ನೊಂದು ಸಲ ಹುಡುಕಿದರು. ಆಮೇಲೆ ನನ್ನನ್ನು ನೋಡಿದರು. ನನ್ನ ಮುಖದಲ್ಲಿ ಎಲ್ಲ ಬರೆದಿತ್ತೆಂದು ಕಾಣುತ್ತದೆ.

"ಈ ವರ್ಸದ್ದೆಲ್ಲನೂ?"

"ಎಲ್ಲಾ ಹೋಯ್ತು ಅಕ್ಕ."

"ಮದ್ವೆಗಳು ಅವಾ?"

"ಇವೆ."

"ಗಂಡೈಕ್ಳು?"

"...ಇವೆ."

"ಅಂಗಾರೆ ಎಲ್ಲಾರಂಗೇ ಅಳ್ಸಿದ್ದೀರಿ ಬುಡಿ."

ಬೈಯಲಿಲ್ಲ. ಅಷ್ಟೂ ವರ್ಷ ಕರೆಂಟಿನವರನ್ನು, ಕಂಡಕ್ಟರನ್ನು, ನನ್ನನ್ನು, ನನ್ನ ಹೆಂಡತಿಯ ಅಡುಗೆಯನ್ನು ಬೈದ ಬಾಯಿ ಆ ದಿನ ಮುಚ್ಚಿತು. ನನಗೂ ಒಬ್ಬಳು ಮಗಳಿದ್ದಾಳೆ. ಅವಳ ಫೋಟೋ ಮನೆಯ ಗೋಡೆ ತುಂಬ ಇದೆ, ನಾನು ಅಂಥವನಲ್ಲ ಎಂದು ಹೇಳಲು ಬಾಯಿ ತೆರೆದೆ. ಹಾಗೇ ಮುಚ್ಚಿಕೊಂಡೆ. ಮಂಡ್ಯದ ಆ ತಾಯಿಯೂ ಇದೇ ಮಾತು ಹೇಳಿದ್ದರಲ್ಲ.

ಎಂಟು ದಿನ ಅಕ್ಕ ಅಂಗಡಿಗೆ ಬರಲಿಲ್ಲ. ಒಂಬತ್ತನೆಯ ದಿನ ಒಂದು ಹಾಳೆಯ ಮೇಲೆ ಊರುಗಳನ್ನು ಬರೆದುಕೊಂಡು ಬಂದರು. "ಸ್ಕೂಟ್ರು ತಗೀರಿ. ನಾನ್ ತಗೀತೀನಿ. ಬಾಕ್ಲಲ್ ನಿಂತ್ಕೊಂಡ್ ಯೋಳೋರು ನೀವು."

ಹೀಗೆ ಆ ಆಷಾಢವೆಲ್ಲ ನಾನು ಊರೂರು ತಿರುಗಿ ನನ್ನ ತಪ್ಪು ಒಪ್ಪಿಕೊಂಡೆ. ನನಗೆ ಹೊಡೆಯುತ್ತಾರೆಂಬ ಭಯ ಇತ್ತು. ಒಂದು ಮನೆಯಲ್ಲಿ ಎಳನೀರು ಕೊಟ್ಟರು. ಬೆಸಗರಹಳ್ಳಿಯಲ್ಲಿ ಒಬ್ಬ ಯಜಮಾನರು ನಾನು ಹೇಳುವುದನ್ನೆಲ್ಲ ಕೇಳಿಸಿಕೊಂಡು, "ಯಾವ್ ಪೋಟೋ? ನಾವ್ ಯೋಳೇ ಇರ್ನಿಲ್ವಲ್ಲ" ಎಂದರು. ಆಮೇಲೆ ನನ್ನ ಭುಜ ತಟ್ಟಿ, "ಓಗ್ಲಿ ಬುಡಿ ಸಾ, ಅದ್ಕ್ಯಾಕ್ ಅಷ್ಟ್ ಪೇಚಾಡ್ತೀರಿ. ಎಣ್ಮಕ್ಳದ್ ತಾನೆ" ಎಂದು ಸಮಾಧಾನ ಮಾಡಿದರು. ಮನೆಯ ಮೇಲೆ ಮನೆ, ಎಲ್ಲರೂ ಸಮಾಧಾನವನ್ನೇ ಮಾಡಿದರು. ಕ್ಷಮೆ ಕೇಳುವುದರಲ್ಲಿ ನುರಿತವನು ನಾನು, ಆದರೆ ಅಷ್ಟು ಸಲೀಸಾಗಿ ಕ್ಷಮಿಸಿದಾಗ, ಬೈಯಿರಯ್ಯ, ನಿಮ್ಮ ಮಗಳ ಮುಖ ಅಳಿಸಿದ್ದೇನೆ, ಒಂದು ಮಾತು ಬೈಯಿರಿ ಎಂದು ಕಿರುಚಬೇಕೆನಿಸುತ್ತಿತ್ತು. ಅಕ್ಕ ನನ್ನ ಹಿಂದೆ ನಿಂತು ಸುಮ್ಮನೆ ಕ್ಯಾಮೆರಾದ ಪಟ್ಟಿ ಸರಿಮಾಡಿಕೊಳ್ಳುತ್ತಿದ್ದರು. ಅವರು ಇಷ್ಟು ವರ್ಷ ಹೊತ್ತು ತಿರುಗಿದ್ದು ಏನೆಂದು ನನಗೆ ಗೊತ್ತಾಗಲಿ ಎಂದೇ ಕರೆತಂದಿದ್ದರು.

ಪೂರಿಗಾಲಿ ಕೊನೆಯದು. ಮೊಮ್ಮಗನ ಫೋಟೋ ಟಿ.ವಿ.ಯ ಮೇಲೆ ಚೌಕಟ್ಟಿನಲ್ಲಿತ್ತು. ಹುಡುಗಿ ಶಾಲೆಯಿಂದ ಬಂದಳು. ಮುಂದಿನ ಒಂದು ಹಲ್ಲು ಬಿದ್ದಿತ್ತು. ಅಕ್ಕನನ್ನು ಕಂಡದ್ದೇ ಬ್ಯಾಗನ್ನು ಅಲ್ಲೇ ಬಿಟ್ಟು ಓಡಿಬಂದಳು. "ತಂದ್ರಾ?" ಎಂದಳು. ಅಜ್ಜಿ ನಕ್ಕು, "ಇವ್ಳ್ ಕಾಟ ತಡ್ಯಕ್ಕಾಗ್ನಿಲ್ಲ ಕಣಮ್ಮ. ನನ್ ಪೋಟೋ ಬತ್ತದೆ ಅಂತ ಇಸ್ಕೂಲಲ್ಲೆಲ್ಲ ಯೋಳ್ಕಂಡ್ ತಿರುಗವ್ಳೆ. ಬರ್ನಿಲ್ಲ ಅಂತ ಐಕ್ಳು ಸುಳ್ಳಿ ಸುಳ್ಳಿ ಅಂತ ಆಡ್ಕತಾವೆ" ಎಂದಿತು.

ಅಕ್ಕ ನನ್ನನ್ನು ಮುಂದಕ್ಕೆ ತಳ್ಳಿದರು. ನಾನು ಹುಡುಗಿಯ ಎದುರು ಕುಕ್ಕರುಗಾಲಲ್ಲಿ ಕೂತೆ.

"ನಿನ್ನ ಫೋಟೋ ನಾನು ಕಳೆದುಬಿಟ್ಟೆ ಕಣಮ್ಮ. ಕಂಪ್ಯೂಟರಲ್ಲಿ ಜಾಗ ಇರಲಿಲ್ಲ, ಅಳಿಸಿದೆ."

ಅವಳು ಯೋಚಿಸಿದಳು.

"ತಮ್ಮಂದು?"

"ಅದು ಇದೆ."

ಆ ಮುಖ ಬದಲಾದದ್ದನ್ನು ನಾನು ಕಣ್ಣಾರೆ ನೋಡಿದೆ. ಅಳಲಿಲ್ಲ. ಅತ್ತಿದ್ದರೆ ಚಾಕಲೇಟು ಕೊಡಬಹುದಿತ್ತು, ಜೇಬಿನಲ್ಲಿ ಇಟ್ಟುಕೊಂಡೇ ಹೋಗಿದ್ದೆ. ನನ್ನನ್ನೇ ದಿಟ್ಟಿಸಿಕೊಂಡು ನಿಂತಳು. ಅಜ್ಜಿ ಹಿಂದಿನಿಂದ, "ಓಗ್ಲಿ ಬುಡಿ ಸಾ" ಎಂದಿತು.

ಅಕ್ಕ ಚಾಪೆ ಹಾಸಿದರು. ನಾನು ಬೆಳಕು ತಿರುಗಿಸಲು ಥರ್ಮಕೋಲ್ ಹಲಗೆ ಹಿಡಿದು ಪಕ್ಕಕ್ಕೆ ನಿಂತೆ. ಹುಡುಗಿ ಯೂನಿಫಾರಂನಲ್ಲೇ ಕೂತಳು. ಅಷ್ಟರಲ್ಲಿ ಅಜ್ಜಿ ಮೊಮ್ಮಗನನ್ನು ಎತ್ತಿಕೊಂಡು ಬಂತು. "ಒಬ್ಳೇ ಯಾಕೆ, ತಮ್ಮನ್ನೂ ತೊಡೆ ಮ್ಯಾಲ್ ಕೂರುಸ್ಬುಡಿ, ಚೆಂದಾಗಿರ್ತದೆ."

"ಬೇಡ!"

ಎಂಥ ದನಿ ಅದು. ಜಗಲಿಯ ಮೇಲಿದ್ದ ಕೋಳಿ ಹಾರಿಹೋಯಿತು. ಗಂಡುಮಗು ಬೆಚ್ಚಿ ಅಳತೊಡಗಿತು. ಅಕ್ಕ ಕೂಗಿದರೆಂದು ನೋಡಿದರೆ ಅವರು ನನ್ನನ್ನೇ ನೋಡುತ್ತಿದ್ದರು. ಕೂಗಿದವನು ನಾನು. "ಅವನದು ಆಗಿದೆ. ಇದು ಇವಳದು. ಇಳಿಸಿ ಮಗೂನ" ಎಂದೆ. ಅಜ್ಜಿ ಗೊಣಗಿಕೊಂಡು ಒಳಗೆ ಹೋಗಿ, ಬಾಗಿಲ ಸಂದಿಯಿಂದ, "ಅಲ್ಲಾ, ಮಕ ಊದುಸ್ಕಂಡವ್ಳೆ, ನಗವ್ವ ಒಸಿ" ಎಂದಿತು.

"ಸುಮ್ಕಿರಜ್ಜಿ. ನಗೋವಂತದ್ ಏನಾಗದೆ ಇಲ್ಲಿ?" ಎಂದರು ಅಕ್ಕ. ಒಂದು ತಿಂಗಳಿಂದ ಕೇಳದಿದ್ದ ಆ ದನಿ ವಾಪಸು ಬಂದಿತ್ತು. ಕ್ಲಿಕ್ ಎಂದಿತು.

ಹಲಗೆ ಇಳಿಸಿ ಬಗ್ಗಿ ನೋಡಿದೆ. ಹುಡುಗಿಯ ಹುಬ್ಬು ಗಂಟಿಕ್ಕಿತ್ತು. ಬೆಳಕು ಸರಿಯಾಗಿ ಬಿದ್ದಿತ್ತು. ಕಣ್ಣು ಮಾತ್ರ ಕ್ಯಾಮೆರಾದ ಕಡೆ ಇರಲಿಲ್ಲ.

"ಇನ್ನೊಂದು ತೆಗೀರಿ ಅಕ್ಕ, ನನ್ನ ಕಡೆ ನೋಡ್ತಿದೆ ಮಗು."

"ಗೊತ್ತು" ಎಂದು ಅವರು ಕ್ಯಾಮೆರಾವನ್ನು ಬ್ಯಾಗಿಗೆ ಹಾಕಿಕೊಂಡರು.

ಅದನ್ನು ಟಿ.ವಿ.ಯ ಮೇಲಿನದಕ್ಕಿಂತ ದೊಡ್ಡದಾಗಿ ನಾನೇ ಪ್ರಿಂಟ್ ಹಾಕಿದೆ. ಒಂದು ಗೆರೆಯನ್ನೂ ಉಜ್ಜಲಿಲ್ಲ. ಮುಂದಿನ ಭಾನುವಾರ ಒಬ್ಬನೇ ತೆಗೆದುಕೊಂಡು ಹೋದೆ. ಅಜ್ಜಿ ಕೈ ಚಾಚಿದರೂ ಕೊಡದೆ ಹುಡುಗಿಯ ಕೈಗೆ ಕೊಟ್ಟೆ. ಎರಡು ಕೈಯಲ್ಲೂ ಹಿಡಿದುಕೊಂಡು ತುಂಬ ಹೊತ್ತು ನೋಡಿದಳು. ನಾನು ಅಭ್ಯಾಸದಂತೆ, ಚೆನ್ನಾಗಿಲ್ಲವೇನೋ, ಹರಿದು ಹಾಕುತ್ತಾಳೇನೋ, ಅಳುತ್ತಾಳೇನೋ ಎಂದು ಒಂದೊಂದೇ ಯೋಚಿಸುತ್ತ ನಿಂತಿದ್ದೆ.

"ನಂಗೆ ಸಿಟ್ ಬಂದಿರಾದು ಕಾಣ್ತದಾ?" ಎಂದು ಕೇಳಿದಳು.

"ಚೆನ್ನಾಗಿ ಕಾಣುತ್ತೆ ಕಣಮ್ಮ."

"ಊಂ" ಎಂದಳು. ಫೋಟೋವನ್ನು ಎದೆಗೆ ಒತ್ತಿಕೊಂಡು, ಶಾಲೆಯ ಐಕ್ಳಿಗೆ ತೋರಿಸಲು ಬೀದಿಗೆ ಇಳಿದಳು.